ಮಸುಕಾದ ಮುಖ ಮತ್ತೆ ಮೂಡೀತೇ?

ರಾಬರ್ಟ್‌ಸನ್‌ಪೇಟೆಯ ಒಂದು ಮನೆಯ ಜಗಲಿಯನ್ನು ಕಲ್ಪಿಸಿಕೊಳ್ಳಿ. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದು ಬಂದ ತಾತ ಗೋಡೆಗೆ ಒರಗಿ ಕೂತಿದ್ದಾರೆ. ಪಕ್ಕದಲ್ಲಿ ಒಂಬತ್ತನೆಯ ತರಗತಿಯ ಮೊಮ್ಮಗಳು. ಅವಳ ಕೈಯಲ್ಲಿರುವ ಮೊಬೈಲಿನಲ್ಲಿ ಊರಿನ ಹುಡುಗರು ನಡೆಸುವ ಜಾಲತಾಣವೊಂದು ತೆರೆದಿದೆ. ಗಣಿ ಮುಚ್ಚುವುದಕ್ಕೆ ಕೆಲವು ವರ್ಷ ಮೊದಲು ಯಾರೋ ವೀಡಿಯೊ ಕ್ಯಾಮರಾದಲ್ಲಿ ಹಿಡಿದಿಟ್ಟ ಐದು ನಿಮಿಷದ ದೃಶ್ಯ ಅದರಲ್ಲಿ ಓಡುತ್ತಿದೆ. ಪಾಳಿ ಮುಗಿಸಿದ ಕಾರ್ಮಿಕರು ಶಾಫ್ಟಿನ ಬಾಯಿಂದ ಹೊರಬರುತ್ತಿದ್ದಾರೆ.

"ತಾತಾ, ಇದ್ರಲ್ಲಿ ನೀನೆಲ್ಲಿದ್ದೀಯ?"

"ಎಡಗಡೆಯಿಂದ ಮೂರನೆಯವನು ನಾನೇ ಇರ್ಬೇಕಮ್ಮ. ಆದ್ರೆ ಎಲ್ರಿಗೂ ಒಂದೇ ಮುಖ ಇದೆಯಲ್ಲ!"

ತಾತನ ಮಾತು ನಿಜ. ಅಲ್ಲಿ ಮುಖಗಳಿಲ್ಲ, ಚೌಕಾಬಾರದ ಮನೆಗಳಂಥ ಕಂದು ಬಣ್ಣದ ಚೌಕಗಳಿವೆ. ಇಷ್ಟರಲ್ಲೇ ಜಾಲತಾಣದ ಹುಡುಗರು ಒಂದು ಪ್ರಕಟಣೆ ಹಾಕಿದ್ದಾರೆ: ಹಳೆಯ ವೀಡಿಯೊ ಸೇವೆಯನ್ನು ಬಿಟ್ಟು ಹೆಚ್ಚಿನ ಗುಣಮಟ್ಟದ ಬೇರೊಂದು ಸೇವೆಗೆ ಎಲ್ಲವನ್ನೂ ಸಾಗಿಸಲಿದ್ದಾರಂತೆ, ಇನ್ನು ಮೇಲೆ ಎಲ್ಲವೂ ಎಚ್.ಡಿ.ಯಂತೆ. ಹಾಗಾದರೆ ಮುಂದಿನ ವಾರ ತಾತನ ಮುಖ ಕಾಣಿಸುವುದೇ?

ಈ ಮನೆ ಕಲ್ಪನೆಯದು, ಪ್ರಶ್ನೆ ಮಾತ್ರ ಕಲ್ಪನೆಯದಲ್ಲ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಕೋಲಾರ ಚಿನ್ನದ ಗಣಿಯ ಎಷ್ಟೋ ಕುಟುಂಬಗಳು ಬದುಕು ಅರಸಿ ಊರು ಬಿಟ್ಟವು. ಉಳಿದವರಲ್ಲಿ ಸಾವಿರಾರು ಮಂದಿ ದಿನವೂ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಇಂಥ ಊರಿನ ನೆನಪು ಕಟ್ಟಡಗಳಲ್ಲಿ ಉಳಿಯುವುದಕ್ಕಿಂತ ಹೆಚ್ಚಾಗಿ ಟ್ರಂಕಿನ ತಳದಲ್ಲಿರುವ ಕ್ಯಾಸೆಟ್ಟುಗಳಲ್ಲಿ ಉಳಿದಿರುತ್ತದೆ. ಅದನ್ನು ಅಂತರಜಾಲಕ್ಕೆ ಏರಿಸುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಮೊದಲು ಲೆಕ್ಕ. ಪರದೆಯ ಮೇಲಿನ ಚಿತ್ರ ಚುಕ್ಕಿಗಳ ರಂಗೋಲಿ. ಒಂದೊಂದು ಚುಕ್ಕಿಗೆ ಪಿಕ್ಸೆಲ್, ಅಂದರೆ ಚಿತ್ರಬಿಂದು, ಎಂದು ಹೆಸರು. ಯೂಟ್ಯೂಬ್ 2005ರಲ್ಲಿ ಶುರುವಾದಾಗ ಅದರಲ್ಲಿ ಕಾಣುತ್ತಿದ್ದ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕಿಗಳಷ್ಟು, ಒಟ್ಟು 76,800. ಇಂದು ಪೂರ್ಣ ಎಚ್.ಡಿ. ಎನ್ನಿಸಿಕೊಳ್ಳುವ ಚಿತ್ರದಲ್ಲಿ 1920 ಅಡ್ಡಕ್ಕೆ, 1080 ಉದ್ದಕ್ಕೆ. ಗುಣಿಸಿ ನೋಡಿ: 20,73,600. ಸರಿಯಾಗಿ 27 ಪಟ್ಟು. ಹಳೆಯ ಚಿತ್ರದಲ್ಲಿ ದೂರದಲ್ಲಿ ನಿಂತ ಮನುಷ್ಯನ ಮುಖಕ್ಕೆ ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು ಚುಕ್ಕಿ ಸಿಕ್ಕಿದ್ದರೆ, ಕಣ್ಣು, ಮೂಗು, ಮೀಸೆ ಎಲ್ಲ ಸೇರಿ 48 ಚುಕ್ಕಿಗಳಲ್ಲೇ ಮುಗಿಯಬೇಕು. ತಾತ ತಮ್ಮನ್ನೇ ಗುರುತಿಸಲಾಗದೆ ಇದ್ದುದರಲ್ಲಿ ಆಶ್ಚರ್ಯವೇನಿದೆ?

ಚುಕ್ಕಿ ಹೆಚ್ಚಿಸಿದರೆ ಆಯಿತಲ್ಲ ಎನ್ನಬಹುದು. ಒಂದು ಚುಕ್ಕಿಯ ಬಣ್ಣವನ್ನು ಬರೆದಿಡಲು ಸಾಮಾನ್ಯವಾಗಿ 24 ಬಿಟ್ ಬೇಕು. ಸೆಕೆಂಡಿಗೆ 25 ಚಿತ್ರಗಳು ಓಡಬೇಕು. (ಶಿವನಸಮುದ್ರದಿಂದ ಗಣಿಗೆ ಬರುತ್ತಿದ್ದ ವಿದ್ಯುತ್ತಿನ ಆವರ್ತವೂ ಸೆಕೆಂಡಿಗೆ 25 ಆಗಿತ್ತು, ಇದು ಕಾಕತಾಳೀಯ, ಎರಡಕ್ಕೂ ಸಂಬಂಧವಿಲ್ಲ.) ಇಪ್ಪತ್ತು ಲಕ್ಷ ಚುಕ್ಕಿಗಳನ್ನು 24ರಿಂದ, ಮತ್ತೆ 25ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್. ಹಾಡುಗಳನ್ನು ತುಂಬಿಸಿಡುತ್ತಿದ್ದ 700 ಮೆಗಾಬೈಟಿನ ಸಿ.ಡಿ. ನೆನಪಿದೆಯಲ್ಲ? ಅದರಲ್ಲಿ ಈ ವೀಡಿಯೊ ನಾಲ್ಕೂವರೆ ಸೆಕೆಂಡು ಹಿಡಿಸೀತು. ಆದರೂ ಇಂದು ಅದೇ ಎಚ್.ಡಿ. ಚಿತ್ರ ಸೆಕೆಂಡಿಗೆ 50 ಲಕ್ಷ ಬಿಟ್ಟಿನಷ್ಟು ಕಿರಿದಾದ ಹರಿವಿನಲ್ಲಿ ಮನೆಗೆ ಬರುತ್ತದೆ. ಇನ್ನೂರೈವತ್ತು ಮೂಟೆ ಒಂದೇ ಮೂಟೆಯಾದದ್ದು ಹೇಗೆ?

ಊರಿಗಾಂ ನಿಲ್ದಾಣದಲ್ಲಿ ನಿಂತು ರೈಲು ಬರುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ನೋಡಿ. ಹಿಂದೆ ಸೈನೈಡ್ ಗುಡ್ಡ, ಅದರ ಹಿಂದೆ ನೀಲಿ ಆಕಾಶ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಮಾತ್ರ ಕಳೆದಿರುತ್ತದೆ. ಅಷ್ಟರಲ್ಲಿ ಗುಡ್ಡ ಎಲ್ಲಿಗೆ ಹೋದೀತು? ಆಕಾಶ ಎಲ್ಲಿಗೆ ಹೋದೀತು? ಆದ್ದರಿಂದ ಮೊದಲ ಚಿತ್ರವನ್ನು ಪೂರ್ತಿಯಾಗಿ ಕಳಿಸಿ, ಆಮೇಲಿನ ಚಿತ್ರಗಳಿಗೆ "ಗುಡ್ಡ ಇದ್ದಲ್ಲೇ ಇದೆ" ಎಂದು ಹೇಳಿಬಿಟ್ಟರೆ ಸಾಕು. ರೈಲು ಚಲಿಸುತ್ತಿದೆ, ನಿಜ. ಆದರೆ ಬೋಗಿ ಅದೇ ಬೋಗಿ. "ಈ ಚೌಕವನ್ನು ಎಂಟು ಚುಕ್ಕಿ ಬಲಕ್ಕೆ ಸರಿಸು" ಎಂದು ಒಂದು ಸಾಲಿನಲ್ಲಿ ಹೇಳಬಹುದು. ಬೋಗಿಯನ್ನು ಮತ್ತೆ ಬಣ್ಣಿಸಬೇಕಾಗಿಲ್ಲ. ಹಾಗಾಗಿ ರೈಲು ಎಷ್ಟೇ ಜೋರಾಗಿ ಬರಲಿ, ಗಣಕಕ್ಕೆ ಅದೇನೂ ದೊಡ್ಡ ಕಷ್ಟವಲ್ಲ.

ಕಷ್ಟ ಬರುವುದು ಬೇಸಿಗೆಯ ಗಾಳಿಯೆದ್ದಾಗ. ಸೈನೈಡ್ ಗುಡ್ಡದ ನುಣುಪು ಧೂಳು ಮೇಲೆದ್ದು ಪೇಟೆಯ ಮೇಲೆಲ್ಲ ಹರಡುವುದನ್ನು ಕೆ.ಜಿ.ಎಫ್. ಜನರಿಗೆ ವಿವರಿಸಬೇಕಿಲ್ಲ. ಕಣಕಣವೂ ಬೇರೆ ಬೇರೆ ದಿಕ್ಕಿಗೆ ಹಾರುತ್ತದೆ. ಯಾವ ಕಣವೂ ಹಿಂದಿನ ಚಿತ್ರದಲ್ಲಿದ್ದಲ್ಲಿ ಇರುವುದಿಲ್ಲ. ಸರಿಸಲು ಅದೇ ಚೌಕ ಎಂಬುದೇ ಇಲ್ಲ. ಧೂಳು, ಸೋನೆ ಮಳೆ, ಜಾತ್ರೆಯಲ್ಲಿ ತೂರುವ ಹೂವಿನೆಸಳು, ಇವು ವೀಡಿಯೊ ಕುಗ್ಗಿಸುವ ತಂತ್ರಕ್ಕೆ ಪರಮ ಶತ್ರುಗಳು. ಇಂಥ ಹೊತ್ತಿನಲ್ಲೇ ಚಿತ್ರ ಚೌಕಚೌಕವಾಗಿ ಒಡೆಯುವುದನ್ನು ನೀವು ಗಮನಿಸಿರಬಹುದು. ಬಂಗಾರಪೇಟೆಯ ಪಾನಿಪುರಿಯದು ಇನ್ನೊಂದು ಬಗೆಯ ತೊಂದರೆ. ಅದರ ಪಾನಿ ಹಸಿರಲ್ಲ, ತಿಳಿನೀರಿನಂತಿರುತ್ತದೆ. ಮಂದ ವೀಡಿಯೊದಲ್ಲಿ ಅದರ ಸಣ್ಣ ಹೊಳಪು ಅಳಿಸಿಹೋಗಿ, ಅಂಗಡಿಯವರು ಬರಿಯ ಪುರಿ ಕೊಡುತ್ತಿದ್ದಾರೇನೋ ಎನ್ನಿಸಿಬಿಡುತ್ತದೆ!

ಒಂದೇ ಚಿತ್ರದೊಳಗೆ ಕುಗ್ಗಿಸುವ ಇನ್ನೊಂದು ಉಪಾಯದ ಹಿಂದೆ ಬೆಂಗಳೂರಿನ ಹೆಸರಿದೆ. ವಿದ್ಯಾರ್ಥಿಗಳಿಗೆ ಇದು ತಿಳಿದಿರಬೇಕು. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. 1961ರಲ್ಲಿ ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದು ಅಮೆರಿಕೆಗೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ 1972ರಲ್ಲಿ ಅವರಿಗೊಂದು ಯೋಚನೆ ಬಂತು: ಚಿತ್ರದ ಸಣ್ಣ ಚೌಕವೊಂದನ್ನು ಚುಕ್ಕಿಚುಕ್ಕಿಯಾಗಿ ಬರೆಯುವ ಬದಲು, ನಿಧಾನವಾಗಿ ಏರಿಳಿಯುವ ಮತ್ತು ಬೇಗಬೇಗ ಏರಿಳಿಯುವ ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ ಹೇಗೆ? ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಬರುವ ಅದೇ ಕೊಸೈನ್. ಆಕಾಶದ ಚೌಕವನ್ನು ತೆಗೆದುಕೊಳ್ಳಿ. ಅದರ 64 ಚುಕ್ಕಿಗಳೂ ಹೆಚ್ಚುಕಡಿಮೆ ಒಂದೇ ನೀಲಿ. ಅಲೆಗಳ ಲೆಕ್ಕದಲ್ಲಿ ಬರೆದರೆ "ಸರಾಸರಿ ನೀಲಿ ಇಷ್ಟು" ಎಂಬ ಒಂದು ಸಂಖ್ಯೆ ದೊಡ್ಡದಾಗಿ ಬರುತ್ತದೆ, ಮಿಕ್ಕವು ಸೊನ್ನೆಯ ಆಸುಪಾಸು. ಸೊನ್ನೆಗಳನ್ನು ಕಳಿಸಬೇಕಾಗಿಲ್ಲ. ತೀರ ಸೂಕ್ಷ್ಮವಾದ ಏರಿಳಿತಗಳನ್ನು ನಮ್ಮ ಕಣ್ಣು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ ಅವನ್ನೂ ಕೈಬಿಡಬಹುದು.

ಸಂಶೋಧನೆಗೆ ಹಣ ಕೇಳಿ ಅವರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಇದು ತೀರ ಸರಳವಾಯಿತು ಎಂಬ ಅಭಿಪ್ರಾಯದೊಂದಿಗೆ ಅರ್ಜಿ ತಿರಸ್ಕೃತವಾಯಿತು. ಅಹ್ಮದ್ ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಕಟಿಸಿದ ಆ ಚಿಕ್ಕ ಪ್ರಬಂಧದ ವಿಧಾನಕ್ಕೆ ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಮೊಬೈಲಿನಲ್ಲಿ ತೆಗೆಯುವ ಜೆಪೆಗ್ ಫೋಟೊ, ಡಿ.ವಿ.ಡಿ., ಯೂಟ್ಯೂಬಿನ ವೀಡಿಯೊ, ಇವೆಲ್ಲವೂ ಆ ವಿಧಾನದ ಅಥವಾ ಅದರ ಮಕ್ಕಳು ಮೊಮ್ಮಕ್ಕಳ ಆಸರೆಯಲ್ಲೇ ನಡೆಯುತ್ತಿವೆ. ತೀರ ಸರಳವಂತೆ!

ಕೆ.ಜಿ.ಎಫ್.ನವರಿಗೆ ಈ ಕೆಲಸ ಅಪರಿಚಿತವಾಗಬಾರದು. ಒಂದು ಟನ್ ಅದಿರನ್ನು ಪುಡಿ ಮಾಡಿ ಕೆಲವೇ ಗ್ರಾಂ ಚಿನ್ನ ಉಳಿಸಿಕೊಂಡು ಮಿಕ್ಕದ್ದನ್ನು ಗುಡ್ಡೆ ಹಾಕುವುದೂ ಇದೇ ಜಾತಿಯ ಕೆಲಸವಲ್ಲವೇ? ಆದರೆ ಒಂದು ವ್ಯತ್ಯಾಸವಿದೆ. ಸೈನೈಡ್ ಗುಡ್ಡಗಳಲ್ಲಿ ಇರುವ ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ; ಅದನ್ನು ಮತ್ತೆ ಸೋಸಿ ತೆಗೆಯುವ ಮಾತು ಆಗಾಗ ಏಳುತ್ತಿರುತ್ತದೆ. ವೀಡಿಯೊದಲ್ಲಿ ಬಿಸಾಡಿದ ವಿವರಕ್ಕೆ ಗುಡ್ಡೆಯೇ ಇಲ್ಲ. ಹೋದದ್ದು ಹೋಯಿತು. ಕಡಿಮೆ ಬಿಟ್ ಕೊಡುವ ಸೇವೆ ಹೆಚ್ಚು ಬಿಸಾಡುತ್ತದೆ, ಹೆಚ್ಚು ಬಿಟ್ ಕೊಡುವುದು ಕಡಿಮೆ ಬಿಸಾಡುತ್ತದೆ. ಗುಣಮಟ್ಟ ಎಂಬ ಮಾತಿನ ಮುಖ್ಯ ಅರ್ಥ ಇದೇ. 1080 ಎಂಬ ಸಂಖ್ಯೆಯನ್ನು ಕಂಡ ಮಾತ್ರಕ್ಕೆ ಮರುಳಾಗಬಾರದು. ಅಷ್ಟು ಚುಕ್ಕಿಗಳಿಗೆ ಸಾಲದಷ್ಟು ಬಿಟ್ ಹಂಚಿದರೆ, ಒಂದು ಸೇರು ಅಕ್ಕಿಯಲ್ಲಿ ನೂರು ಜನಕ್ಕೆ ಎಲೆ ಹಾಕಿದಂತಾಗುತ್ತದೆ. ಅದಕ್ಕಿಂತ 480 ಸಾಲಿನ ಚಿತ್ರವೇ ವಾಸಿ.

ಸೇವೆಗಳು ಬೆಳೆದುಬಂದ ಬಗೆ ಹೀಗಿದೆ. ವಿಮಿಯೊ 2004ರಲ್ಲಿ, ಯೂಟ್ಯೂಬ್ 2005ರಲ್ಲಿ ಆರಂಭವಾದವು. ಎಚ್.ಡಿ. ಚಿತ್ರಕ್ಕೆ ಮೊದಲು ಬಾಗಿಲು ತೆರೆದದ್ದು ವಿಮಿಯೊ, 2007ರಲ್ಲಿ. ಚಿತ್ರ ತೆಗೆಯುವ ಹವ್ಯಾಸಿಗಳು ಅತ್ತ ಹೊರಳಿದ್ದು ಅದಕ್ಕೇ. ಯೂಟ್ಯೂಬ್ 2008ರಲ್ಲಿ 720 ಸಾಲು, 2009ರಲ್ಲಿ 1080 ಸಾಲು, 2010ರಲ್ಲಿ 4ಕೆ ಎಂದು ಮೆಟ್ಟಿಲೇರಿತು. ಅದೇ ಕಾಲದ ಗೂಗಲ್ ವೀಡಿಯೊ ಎಂಬ ಸೇವೆ 2009ರಲ್ಲಿ ಹೊಸ ವೀಡಿಯೊ ತೆಗೆದುಕೊಳ್ಳುವುದನ್ನು ನಿಲ್ಲಿಸಿ 2012ರಲ್ಲಿ ಮುಚ್ಚಿಹೋಯಿತು. ಆ ದಿನಗಳ ಜಾಲತಾಣಗಳು ವೀಡಿಯೊ ತೋರಿಸಲು ನೆಚ್ಚಿಕೊಂಡಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ 2020ರ ಕೊನೆಯ ದಿನ ವಿದಾಯ ಹೇಳಲಾಯಿತು. ಸೇವೆ ಬದಲಿಸುವುದು ಎಷ್ಟೋ ವೇಳೆ ಆಸೆಯಿಂದಲ್ಲ, ಅನಿವಾರ್ಯದಿಂದ.

ಆಗ ಹೆಚ್ಚಿನ ಗುಣಮಟ್ಟ ಸಿಕ್ಕಿದ್ದರೂ ನಮ್ಮ ಕಡೆ ಅದನ್ನು ನೋಡಲು ದಾರಿ ಎಲ್ಲಿತ್ತು? ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಟೆಲಿಫೋನಿನ ಮೂಲಕ ಕೀಚುಗುಟ್ಟುತ್ತ ಸಂಪರ್ಕ ಸಾಧಿಸುತ್ತಿದ್ದ ಮೋಡೆಮ್ ಮುಂದೆ ಸೆಕೆಂಡಿಗೆ 56,000 ಬಿಟ್ ತನಕ ಬಂತು. ತಾತನ ಐದು ನಿಮಿಷದ ದೃಶ್ಯವನ್ನು 720 ಸಾಲಿನಲ್ಲಿ, ಸೆಕೆಂಡಿಗೆ 25 ಲಕ್ಷ ಬಿಟ್ಟಿನಂತೆ ಇಟ್ಟಿದ್ದರೆ, ಅದು ಇಳಿದು ಬರಲು ಸುಮಾರು ಮೂರು ಮುಕ್ಕಾಲು ಗಂಟೆ! 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂದಾಗ ವೇಗ ಸೆಕೆಂಡಿಗೆ 256 ಸಾವಿರ ಬಿಟ್. ಅದರಲ್ಲಿ 49 ನಿಮಿಷ. ಹುಡುಗರು ಮೊದಲು ಮಸುಕು ವೀಡಿಯೊ ಹಾಕಿದ್ದನ್ನು ತಪ್ಪು ಎನ್ನುವಂತಿಲ್ಲ. ನೋಡುವವರು ಕಾಯಬೇಕಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ 4ಜಿ ಬಂದ ಮೇಲೆಯೇ ಹಳ್ಳಿಪೇಟೆಗಳಲ್ಲಿ ವೀಡಿಯೊ ನೋಡುವುದು ದಿನಬಳಕೆಯ ಮಾತಾದದ್ದು.

ಇದ್ದ ತಂತಿಯಲ್ಲೇ ಹೆಚ್ಚು ಸಾಗಿಸುವ ಪ್ರಶ್ನೆ ಈ ಊರಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಸುಮಾರು 148 ಕಿಲೋಮೀಟರ್ ದೂರ ವಿದ್ಯುತ್ ಬಂತು. ಬೆಂಗಳೂರಿನ ಬೀದಿದೀಪಕ್ಕೆ 1905ರವರೆಗೆ ಕಾಯಬೇಕಾಯಿತು. ಎಂಜಿನಿಯರುಗಳು ಕಂಬದ ತಂತಿಯನ್ನು ತೊಲೆಯಷ್ಟು ದಪ್ಪ ಮಾಡಲಿಲ್ಲ, ವೋಲ್ಟೇಜನ್ನು 30-35 ಸಾವಿರಕ್ಕೆ ಏರಿಸಿದರು. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಪ್ರವಾಹ ಹತ್ತನೆಯ ಒಂದು ಭಾಗ ಸಾಕು. ನಷ್ಟ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವೀಡಿಯೊದಲ್ಲಿ ನಡೆದದ್ದೂ ಇದಕ್ಕೆ ಹತ್ತಿರದ್ದೇ. 2003ರ ಎಚ್.264 ಎಂಬ ಕುಗ್ಗಿಸುವ ವಿಧಾನದ ನಂತರ 2013ರಲ್ಲಿ ಬಂದ ವಿಧಾನ ಹೆಚ್ಚುಕಡಿಮೆ ಅರ್ಧ ಬಿಟ್ಟಿನಲ್ಲೇ ಅದೇ ಚಿತ್ರ ಕೊಡುತ್ತದೆ. ದಾರಿ ಅದೇ, ಸಾಗಿಸುವ ಜಾಣತನ ಬೇರೆ.

ಇನ್ನು ರೈಲಿನಲ್ಲಿ ಕೂತು ನೋಡುವವರ ವಿಷಯ. ಬಂಗಾರಪೇಟೆ ಬಿಟ್ಟು ಟ್ಯಾಕಲ್ ಬಂಡೆಗಳ ನಡುವೆ ಹೋಗುವಾಗ ಸಂಕೇತ ಕ್ಷೀಣಿಸುತ್ತದೆ, ಮಾಲೂರಿನಲ್ಲಿ ಚೇತರಿಸಿಕೊಳ್ಳುತ್ತದೆ. ಆದರೂ ವೀಡಿಯೊ ನಿಲ್ಲದೆ ಓಡುತ್ತದೆ, ಮಸುಕಾಗಿ ಮತ್ತೆ ತಿಳಿಯಾಗುತ್ತದೆ, ಅಷ್ಟೆ. ಒಳ್ಳೆಯ ಸೇವೆಗಳು ಒಂದೇ ವೀಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧ ಮಾಡಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿಟ್ಟಿರುತ್ತವೆ. ನಿಮ್ಮ ಮೊಬೈಲು ದಾರಿಯ ಸ್ಥಿತಿ ನೋಡಿಕೊಂಡು ಮುಂದಿನ ತುಂಡನ್ನು ಯಾವ ಗುಣಮಟ್ಟದಲ್ಲಿ ತರಿಸಬೇಕೆಂದು ತೀರ್ಮಾನಿಸುತ್ತದೆ. ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಹಾಗೆ. ಊರ ಹುಡುಗರು ಹೊಸ ಸೇವೆಗೆ ಹೋಗುವುದಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ, ಈ ಅನುಕೂಲ ಅಲ್ಲಿದೆಯೇ ಎಂಬುದು. ಇಲ್ಲದಿದ್ದರೆ ಒಳ್ಳೆಯ ಸಂಪರ್ಕವಿರುವವರಿಗೆ ಮಾತ್ರ ಒಳ್ಳೆಯ ಚಿತ್ರ. ಮಿಕ್ಕವರಿಗೆ ಸುತ್ತುತ್ತಿರುವ ಚಕ್ರ.

ಮನೆಯಲ್ಲಿ ದುಡ್ಡು ಕೊಡುವವರು ಇದನ್ನೂ ಗಮನಿಸಬೇಕು. 1080 ಸಾಲಿನ ವೀಡಿಯೊ ಗಂಟೆಗೆ ಸುಮಾರು 2.25 ಗಿಗಾಬೈಟ್ ನುಂಗುತ್ತದೆ. 720 ಸಾಲಿನದು ಒಂದು ಚಿಲ್ಲರೆ. 480 ಸಾಲಿನದು ಅರ್ಧಕ್ಕೂ ಕಡಿಮೆ. ದಿನಕ್ಕೆ ಒಂದೂವರೆ ಗಿಗಾಬೈಟ್ ಸಿಗುವ ಮನೆಯಲ್ಲಿ ಮೊದಲನೆಯದು 40 ನಿಮಿಷಕ್ಕೆ ಮುಗಿದರೆ ಕೊನೆಯದು ಮೂರು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ. 2020ರ ಲಾಕ್‌ಡೌನ್ ಶುರುವಾದಾಗ ಯೂಟ್ಯೂಬ್ ಜಗತ್ತಿನಾದ್ಯಂತ ತನ್ನ ಗುಣಮಟ್ಟವನ್ನು ತಾನೇ ತಗ್ಗಿಸಿತ್ತು. ಶಾಲೆಗಳು ಮುಚ್ಚಿದ್ದ ಆ ವರ್ಷ ಚಂದನ ವಾಹಿನಿಯಲ್ಲಿ ಸೇತುಬಂಧ, ಸಂವೇದ ಪಾಠಗಳು ಬಂದವು. ಎಷ್ಟೋ ಮಕ್ಕಳು ಅವನ್ನು ಆಮೇಲೆ ಮೊಬೈಲಿನಲ್ಲೂ ನೋಡಿದರು. ಒಂದೇ ಮೊಬೈಲು, ಮೂವರು ಮಕ್ಕಳು ಇದ್ದ ಮನೆಗಳಲ್ಲಿ ಈ ಲೆಕ್ಕ ಬಾಯಿಪಾಠವಾಗಿತ್ತು.

ಹಾಗಾದರೆ ಯಾವುದು ಸಾಕು? ಕಣ್ಣನ್ನೇ ಕೇಳಬಹುದು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರದಲ್ಲಿರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. 35 ಸೆಂಟಿಮೀಟರ್ ದೂರದಲ್ಲಿ ಹಿಡಿದ ಮೊಬೈಲಿನ ಮೇಲೆ ಅದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಪರದೆ 14 ಸೆಂಟಿಮೀಟರ್ ಅಗಲವಿದ್ದರೆ ಅಡ್ಡಕ್ಕೆ 1400 ಚುಕ್ಕಿಗಿಂತ ಹೆಚ್ಚು ಕೊಟ್ಟರೂ ಕಣ್ಣಿಗೆ ಬೇಡ. 720 ಸಾಲಿನ ಚಿತ್ರದಲ್ಲಿ ಅಡ್ಡಕ್ಕೆ 1280 ಇರುತ್ತವೆ. ಅಂದರೆ ಮೊಬೈಲಿಗೆ ಅದು ಹತ್ತಿರಹತ್ತಿರ ಸಾಕು. ಆದರೆ ರಸಾಯನವಿಜ್ಞಾನದ ಪಾಠವಾದರೆ 240ಕ್ಕೆ ಇಳಿಯಬೇಡಿ. ಕಪ್ಪುಹಲಗೆಯ ಮೇಲಿನ ಗಂಧಕಾಮ್ಲದ ಸೂತ್ರದಲ್ಲಿ ಕೆಳಗೆ ಪುಟ್ಟದಾಗಿ ಬರೆದ 4 ಅಲ್ಲಿ ಬರಿಯ ಸುಣ್ಣದ ಚುಕ್ಕೆಯಾಗಿರುತ್ತದೆ. ಅದನ್ನು 3 ಎಂದು ಬರೆದುಕೊಂಡ ಹುಡುಗನದು ತಪ್ಪಲ್ಲ.

ಇರಲಿ, ತಾತನ ಮುಖಕ್ಕೆ ಬರೋಣ. ಬಂಗಾರಪೇಟೆಯಿಂದ ಕೋಲಾರಕ್ಕೆ ಹಿಂದೆ ಎರಡೂವರೆ ಅಡಿ ಅಗಲದ ಪುಟ್ಟ ರೈಲುದಾರಿ ಇತ್ತು, ಆಮೇಲೆ ಅದು ಬ್ರಾಡ್‌ಗೇಜ್ ಆಯಿತು. ಹಳಿ ಅಗಲವಾದ ಮಾತ್ರಕ್ಕೆ ಹಳೆಯ ಪುಟ್ಟ ಬೋಗಿಯಲ್ಲಿ ಸೀಟು ಹೆಚ್ಚಾಗುವುದೇ? ಹಳೆಯ ಸೇವೆಯಲ್ಲಿರುವ 320×240ರ ವೀಡಿಯೊವನ್ನೇ ಇಳಿಸಿಕೊಂಡು ಹೊಸ ಸೇವೆಗೆ ಏರಿಸಿದರೆ ಆಗುವುದು ಅಷ್ಟೆ. 48 ಚುಕ್ಕಿಗಳ ಮುಖವನ್ನು ಹಿಗ್ಗಿಸಬಹುದು, ವಿವರ ಬರುವುದಿಲ್ಲ. ಸಾಲದ್ದಕ್ಕೆ ಹೊಸ ಸೇವೆ ಮತ್ತೊಮ್ಮೆ ಕುಗ್ಗಿಸಿ ಇನ್ನಷ್ಟು ಬಿಸಾಡುತ್ತದೆ. ಈಗೀಗ ಯಂತ್ರಬುದ್ಧಿಯ ತಂತ್ರಾಂಶಗಳು ಮಸುಕು ಮುಖವನ್ನು ಸ್ಪಷ್ಟ ಮಾಡಿಕೊಡುತ್ತವೆ ಎನ್ನುತ್ತಾರಲ್ಲ? ಮಾಡುತ್ತವೆ. ಆದರೆ ಅವು ಲಕ್ಷಾಂತರ ಬೇರೆ ಮುಖಗಳನ್ನು ನೋಡಿ ಕಲಿತು, ಇಲ್ಲಿ ಇಂಥ ಮೂಗು ಇದ್ದಿರಬಹುದು ಎಂದು ಊಹಿಸಿ ಬರೆಯುತ್ತವೆ. ಕಾಣುವುದು ಯಾವುದೋ ಚೆಂದದ ಮುಖ. ತಾತನದೇ ಎಂಬ ಭರವಸೆ ಇಲ್ಲ.

ಉಳಿದ ದಾರಿ ಒಂದೇ: ಮೂಲ ಕ್ಯಾಸೆಟ್. ಆ ಕಾಲದ ವಿ.ಎಚ್.ಎಸ್. ಟೇಪಿನ ಚಿತ್ರದಲ್ಲಿ ಕಾಣುವ ಸಾಲುಗಳೇ 576. ಟೇಪಿನಲ್ಲಿ ವಿವರ ಎಚ್.ಡಿ.ಗೆ ಸಮನಲ್ಲ, ಆದರೆ 240 ಸಾಲಿಗೆ ಇಳಿಸುವಾಗ ಅರ್ಧಕ್ಕಿಂತ ಹೆಚ್ಚು ಸಾಲುಗಳನ್ನು ಬಿಸಾಡಲಾಗಿತ್ತು, ಅವು ಟೇಪಿನಲ್ಲಿ ಇನ್ನೂ ಇವೆ. ಇನ್ನೊಂದು ಸೂಕ್ಷ್ಮವಿದೆ. ಟೀವಿಯ ಹಳೆಯ ಪದ್ಧತಿಯಲ್ಲಿ ಬೆಸ ಸಾಲುಗಳನ್ನು ಒಮ್ಮೆ, ಸರಿ ಸಾಲುಗಳನ್ನು ಐವತ್ತನೆಯ ಒಂದು ಸೆಕೆಂಡಿನ ನಂತರ ಬರೆಯುತ್ತಿದ್ದರು. ಸರಿಪಡಿಸದೆ ಗಣಕಕ್ಕೆ ಹಾಕಿದರೆ ಶಾಫ್ಟಿನ ಮೇಲೆ ತಿರುಗುವ ದೊಡ್ಡ ಗಾಲಿಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳೇಳುತ್ತವೆ. ಕ್ಯಾಸೆಟ್ ಪರಿವರ್ತಿಸಿ ಕೊಡುವ ಅಂಗಡಿಯಲ್ಲಿ ಇದನ್ನು ಕೇಳಿಯೇ ಕೊಡಬೇಕು. ತಡವೂ ಮಾಡಬಾರದು. ಟೇಪಿನ ಕಾಂತೀಯ ಲೇಪ ವರ್ಷ ಕಳೆದಂತೆ ಸಡಿಲವಾಗುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ವಿ.ಎಚ್.ಎಸ್. ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿಯೆನ್ನಲಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಕ್ಯಾಸೆಟ್ ಉಳಿದರೂ ಓದುವ ಯಂತ್ರ ಉಳಿಯದ ಕಾಲ ಬರುತ್ತಿದೆ. ಪರಿವರ್ತಿಸಿದ ಕಡತವನ್ನು ಯಾವ ಸೇವೆಗೆ ಏರಿಸಿದರೂ ಸರಿಯೆ, ಒಂದು ಪ್ರತಿ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ಸೇವೆಗಳು ಬರುತ್ತವೆ, ಹೋಗುತ್ತವೆ.

ಆ ಜಗಲಿಯ ಕಥೆಯನ್ನು ಇನ್ನೊಂದು ಹೆಜ್ಜೆ ಮುಂದುವರಿಸಬಹುದು. ಮೊಮ್ಮಗಳು ಜಾಲತಾಣದ ಹುಡುಗರನ್ನು ವಿಚಾರಿಸಿ, ಅವರು ಕ್ಯಾಸೆಟ್ ಕೊಟ್ಟವರನ್ನು ವಿಚಾರಿಸಿ, ಅದು ಆಂಡರ್ಸನ್‌ಪೇಟೆಯ ಒಂದು ಅಟ್ಟದ ಮೇಲೆ ಸಿಕ್ಕಿತು ಎಂದುಕೊಳ್ಳಿ. ಒರೆಸಿ, ಪರಿವರ್ತಿಸಿ, 576 ಸಾಲುಗಳನ್ನೂ ಉಳಿಸಿಕೊಂಡು ಹೊಸ ಸೇವೆಗೆ ಏರಿಸಿದ್ದಾರೆ. ಅವಳು ಚಿತ್ರವನ್ನು ನಿಲ್ಲಿಸಿ ಬೆರಳಿನಿಂದ ಹಿಗ್ಗಿಸುತ್ತಾಳೆ. ತಾತ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡುತ್ತಾರೆ.

"ಮೂರನೆಯವನು ನಾನಲ್ಲ ಕಣಮ್ಮ. ಅವನು ನಮ್ಮ ಪಾಳಿಯವನೇ ಅಲ್ಲ. ನಾನಿಲ್ಲಿದ್ದೀನಿ ನೋಡು, ಹಿಂದೆ, ಬಾಗಿಲ ಹತ್ರ, ಟೋಪಿ ತೆಗೀತಾ ಇದ್ದೀನಲ್ಲ."